ಖಾಲಿ ಪಾತ್ರೆ ಹಿಂದಿರುಗಿಸಬೇಡಿ
(ಸಂಘದ ವಾರ್ಷಿಕ ಸಭೆಯಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹ ರೂಪ)



ಶಿಕ್ಷಣ ಮತ್ತು ಸಮಾಜ ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ಸಂಘಟಕರು ನನ್ನನ್ನು ಕೇಳಿಕೊಂಡಿದ್ದಾರೆ. ಅಂಕಗಳ ಬಗ್ಗೆ, ವಿದ್ಯಾರ್ಥಿವೇತನದ ಬಗ್ಗೆ, ಉದ್ಯೋಗದ ಬಗ್ಗೆ ನನಗಿಂತ ಮೊದಲು ಮಾತನಾಡಿದವರು ಬಹಳ ಚೆನ್ನಾಗಿ ಹೇಳಿದ್ದಾರೆ. ನಾನು ಶನಿವಾರ ಮಧ್ಯಾಹ್ನಗಳ ಬಗ್ಗೆ, ಒಂದು ಐಸ್‌ಕ್ರೀಮ್ ಬಗ್ಗೆ ಮತ್ತು ಒಂದು ಸ್ಟೀಲ್ ಪಾತ್ರೆಯ ಬಗ್ಗೆ ಮಾತನಾಡುತ್ತೇನೆ. ನೀವು ನಗಬಹುದು. ಆದರೆ ನನ್ನ ಶಿಕ್ಷಣದ ದೊಡ್ಡ ಪಾಲು ಅಲ್ಲಿಯೇ ನಡೆಯಿತು. ಅದರಲ್ಲಿ ಒಮ್ಮೆ ನಾನು ಅನುತ್ತೀರ್ಣನಾದದ್ದೂ ಉಂಟು.

ನಮ್ಮ ಊರಿಗೆ ಎಷ್ಟು ಹೆಸರುಗಳಿವೆ ನೋಡಿ. ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ, ಮಲಯಾಳದಲ್ಲಿ ಮಂಗಲಾಪುರಂ, ನಮ್ಮ ಬ್ಯಾರಿ ಭಾಷೆಯಲ್ಲಿ ಮೈಕಾಲ. 2014ರ ನವೆಂಬರ್ 1ರಿಂದ ಸರಕಾರಿ ದಾಖಲೆಯಲ್ಲಿಯೂ ಮಂಗಳೂರು. ಈ ಎಲ್ಲ ಹೆಸರುಗಳನ್ನು ನನಗೆ ಯಾವ ಮೇಷ್ಟ್ರೂ ಕಲಿಸಲಿಲ್ಲ. ತುಳುವನ್ನು ಒಬ್ಬ ಗೆಳೆಯನಿಂದ ಕಲಿತೆ, ಕೊಂಕಣಿಯನ್ನು ಇನ್ನೊಬ್ಬನಿಂದ. ಗೆಳೆಯರಿಲ್ಲದವನಿಗೆ ಈ ಊರಿನಲ್ಲಿ ಒಂದೇ ಹೆಸರು, ಒಂದೇ ಬೀದಿ.

ನಾನು ಹೈಸ್ಕೂಲಿನಲ್ಲಿದ್ದದ್ದು ಎಪ್ಪತ್ತರ ದಶಕದಲ್ಲಿ. ಮನೆ ಬಂದರ್‌ನಲ್ಲಿ. ಒಬ್ಬ ಗೆಳೆಯ ಬೋಳಾರದ ತುಳು ಮನೆಯವನು, ಇನ್ನೊಬ್ಬ ಕಂಕನಾಡಿಯ ಕ್ರೈಸ್ತ ಮನೆಯವನು. ಶನಿವಾರ ಅರ್ಧ ದಿನ ತರಗತಿ. ಗಂಟೆ ಬಾರಿಸಿದ ಕೂಡಲೇ ಮೂವರೂ ನಡೆಯಲು ಸುರು. ನೆಹರೂ ಮೈದಾನದಲ್ಲಿ ಯಾರು ಆಡುತ್ತಿದ್ದರೂ ನಿಂತು ನೋಡುವುದು. ಕಿಸೆಯಲ್ಲಿ ಚಿಲ್ಲರೆ ಇದ್ದರೆ ಒಂದು ಪ್ಲೇಟು ಗೋಳಿಬಜೆ, ಇಲ್ಲದಿದ್ದರೆ ಅದರ ಪರಿಮಳ. ಮಾರ್ನೆಮಿ ದಿನಗಳಲ್ಲಿ ತಾಸೆಯ ಸದ್ದು ಕೇಳಿದರೆ ಹುಲಿವೇಷದ ಹಿಂದೆ ಎಷ್ಟು ಬೀದಿ ಸುತ್ತುತ್ತಿದ್ದೆವೋ ಲೆಕ್ಕವಿಲ್ಲ.

1975ರ ಮೇ 1ರಂದು ಪ್ರಭಾಕರ ಕಾಮತರು ಮಾರ್ಕೆಟ್ ರಸ್ತೆಯಲ್ಲಿ ಐಡಿಯಲ್ ಐಸ್‌ಕ್ರೀಮ್ ಪಾರ್ಲರ್ ತೆರೆದರು. ನಮ್ಮ ಪಾಲಿಗೆ ಅದು ಆ ವರ್ಷದ ದೊಡ್ಡ ಸುದ್ದಿ. ಅದೇ ವರ್ಷದ ಜನವರಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಪಣಂಬೂರಿನ ಹೊಸ ಬಂದರನ್ನು ಉದ್ಘಾಟಿಸಿದ್ದರು. ಆದರೆ ಹದಿನಾಲ್ಕು ವರ್ಷದ ಹುಡುಗರಿಗೆ ಹಡಗಿಗಿಂತ ಐಸ್‌ಕ್ರೀಮ್ ದೊಡ್ಡದು. ಎರಡು ವಾರ ಹಣ ಕೂಡಿಸಿ ಒಂದು ಕಪ್ಪು ತೆಗೆದುಕೊಂಡು ಮೂರು ಚಮಚ ಕೇಳುತ್ತಿದ್ದೆವು. ಯಾರು ಎಷ್ಟು ತಿಂದರು ಎಂದು ಮೂವರೂ ಕಣ್ಣಿಟ್ಟು ಕಾಯುತ್ತಿದ್ದೆವು. ನ್ಯಾಯ ಅಂದರೇನು ಎಂದು ನಾನು ಮೊದಲು ಕಲಿತದ್ದು ಆ ಕಪ್ಪಿನ ಮುಂದೆ.

ಬಿಸಿಲು ಹೆಚ್ಚಾದರೆ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ಲಿನ ಒಳಗೆ ಹೋಗಿ ತಂಪಿನಲ್ಲಿ ಕುಳಿತು, ಇಟಲಿಯಿಂದ ಬಂದ ಮೊಸ್ಕೆನಿ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಗೋಡೆ ಮಾಡುಗಳ ಮೇಲೆ ಬರೆದ ಚಿತ್ರಗಳನ್ನು ಕತ್ತೆತ್ತಿ ನೋಡುತ್ತಿದ್ದೆವು. ದೂರ ಹೋಗುವ ಮನಸ್ಸಾದರೆ ಬೋಳೂರಿನ ಸುಲ್ತಾನ್ ಬತ್ತೇರಿ. 1784ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ಆ ಕಾವಲು ಗೋಪುರದ ಮೆಟ್ಟಿಲು ಹತ್ತಿದರೆ ಕೆಳಗೆ ಫಲ್ಗುಣಿ ನದಿ, ಆಚೆ ತಣ್ಣೀರುಬಾವಿಯ ಮರಳು, ಅದರಾಚೆ ಸಮುದ್ರ. ದೋಣಿಯಲ್ಲಿ ದಾಟಿ ಹೋಗಿ, ಕತ್ತಲಾಗುವ ಮೊದಲು ಮರಳಿ, ಮನೆಯಲ್ಲಿ ಬೈಗುಳ ತಿನ್ನುವುದು. ಇಷ್ಟೇ ನಮ್ಮ ಪ್ರವಾಸ.

ಸಹೋದರ ಸಹೋದರಿಯರೇ, ಹೊರಗಿನ ಸುಖ ಇಷ್ಟಾದರೆ ಮನೆಯೊಳಗಿನ ಸುಖ ಇನ್ನೂ ದೊಡ್ಡದು. ಪೆರ್ನಾಲಿಗೆ ನನ್ನ ಉಮ್ಮ ನೈಪತ್ತಿರ್ ಮಾಡುತ್ತಿದ್ದರು. ನೆನೆಸಿದ ಅಕ್ಕಿಯನ್ನು ತೆಂಗಿನಕಾಯಿ, ನೀರುಳ್ಳಿ, ಬಡೆಸೊಪ್ಪಿನೊಂದಿಗೆ ತರಿತರಿಯಾಗಿ ರುಬ್ಬಿ, ಗಟ್ಟಿ ಹಿಟ್ಟನ್ನು ಕೈಯಲ್ಲಿ ತಟ್ಟಿ ಎಣ್ಣೆಗೆ ಬಿಡುತ್ತಿದ್ದರು. ಮಿಕ್ಸಿಯ ಕಾಲವಲ್ಲ, ಬೆಳಗಿನ ಜಾವವೇ ರುಬ್ಬುವ ಕಲ್ಲಿನ ಸದ್ದು. ಬೋಳಾರದ ಮನೆಯಲ್ಲಿ ಆಟಿ ತಿಂಗಳಿಗೆ ಕೆಸುವಿನ ಎಲೆಯ ಪತ್ರೊಡೆ, ಅಷ್ಟಮಿಗೆ ಮೂಡೆ. ಕಂಕನಾಡಿಯಲ್ಲಿ ಕ್ರಿಸ್ಮಸ್‌ಗೆ ನೆವ್ರಿ, ಕಿಡಿಯೊ, ರೋಸ್ ಕುಕ್ಕಿ ತುಂಬಿದ ಕುಸ್ವಾರ್. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ನಮ್ಮಿಬ್ಬರನ್ನೂ ತಪ್ಪದೆ ಊಟಕ್ಕೆ ಕರೆಯುತ್ತಿದ್ದರು. ಹೊಸ ಅಕ್ಕಿಯ ಹಬ್ಬ ಅದು, ಆ ದಿನ ಅವರ ಮನೆಯಲ್ಲಿ ತರಕಾರಿ ಊಟ ಮಾತ್ರ. ಹಾಗಾಗಿ ಮೂರು ಮನೆಯ ಮಕ್ಕಳೂ ಯಾವ ಅಳುಕೂ ಇಲ್ಲದೆ ಒಂದೇ ಸಾಲಿನಲ್ಲಿ ಕುಳಿತು ಉಣ್ಣಬಹುದಿತ್ತು.

ಇಲ್ಲಿ ಒಂದು ಮಾತು ಗಮನಿಸಿ. ಯಾರೂ ಯಾರ ನಿಯಮವನ್ನೂ ಮುರಿಯಲಿಲ್ಲ. ನಮ್ಮ ಮನೆಗೆ ಏನು ಕಳುಹಿಸಬಾರದು ಎಂದು ಅವರಿಗೆ ಗೊತ್ತಿತ್ತು. ಅವರ ಮನೆಗೆ ಏನು ಕಳುಹಿಸಬಾರದು ಎಂದು ನಮಗೂ ಗೊತ್ತಿತ್ತು. ಬೋಳಾರದ ಮನೆಯ ಅಜ್ಜಿ ಹೊರಗಿನವರು ಬೇಯಿಸಿದ್ದನ್ನು ತಿನ್ನುತ್ತಿರಲಿಲ್ಲ. ಉಮ್ಮ ಅದಕ್ಕೆ ಬೇಸರಪಟ್ಟುಕೊಳ್ಳಲಿಲ್ಲ, ಅಜ್ಜಿಗೆಂದೇ ಬೇರೆ ಮಾಡಿ ಬಾಳೆಹಣ್ಣು, ತೆಂಗಿನಕಾಯಿ ಕಳುಹಿಸುತ್ತಿದ್ದರು. ಒಬ್ಬರನ್ನೊಬ್ಬರು ಗೌರವಿಸಲು ಒಬ್ಬರು ಇನ್ನೊಬ್ಬರಂತೆ ಆಗಬೇಕಾಗಿಲ್ಲ. ಅವರ ಬಗ್ಗೆ ತಿಳಿದಿರಬೇಕು, ಅಷ್ಟೆ. ತಿಳಿಯಬೇಕಾದರೆ ಮನೆಗೆ ಹೋಗಿ ಬರಬೇಕು.

ಈ ಕೊಡುಕೊಳ್ಳುವಿಕೆಗೆ ಒಂದೇ ಕಾನೂನು: ಬಂದ ಪಾತ್ರೆಯನ್ನು ಖಾಲಿಯಾಗಿ ಹಿಂದಿರುಗಿಸಬಾರದು. ಏನೂ ಇಲ್ಲದಿದ್ದರೆ ಒಂದು ಮುಷ್ಟಿ ಸಕ್ಕರೆಯಾದರೂ ಹಾಕಬೇಕು. ಸಾರು ಮಾಡುವಾಗ ನೀರು ಸ್ವಲ್ಪ ಹೆಚ್ಚು ಹಾಕಿ ನೆರೆಮನೆಯವರನ್ನು ನೆನೆಯಬೇಕೆಂದು ಪ್ರವಾದಿ(ಸ)ರು ಅಬೂದರ್ರ್(ರ)ರಿಗೆ ಬೋಧಿಸಿದ್ದನ್ನು ನೀವೆಲ್ಲ ಮದ್ರಸದಲ್ಲಿ ಕೇಳಿದ್ದೀರಿ. ಅಬ್ದುಲ್ಲಾ ಇಬ್ನು ಅಮ್ರ್(ರ)ರವರ ಮನೆಯಲ್ಲಿ ಆಡು ಕೊಯ್ದಾಗ ಅವರು ಮೊದಲು ವಿಚಾರಿಸಿದ್ದು ಯಹೂದಿ ನೆರೆಯವನ ಪಾಲು ಹೋಯಿತೇ ಎಂದು. ನನ್ನ ಉಮ್ಮ ಶಾಲೆಗೆ ಹೋದವರಲ್ಲ. ಆದರೆ ಈ ಪಾಠ ಅವರಿಗೆ ಬಾಯಿಪಾಠವಾಗಿ ಅಲ್ಲ, ಕೈಪಾಠವಾಗಿ ಬರುತ್ತಿತ್ತು.

ಉಮ್ಮನೂ ಬೋಳಾರದ ಅಮ್ಮನೂ ಇಪ್ಪತ್ತು ವರ್ಷಗಳಲ್ಲಿ ಮುಖತಃ ಭೇಟಿಯಾದದ್ದು ಮೂರೋ ನಾಲ್ಕೋ ಸಲ. ಇಬ್ಬರೂ ಮನೆಬಿಟ್ಟು ಹೊರಡುವವರಲ್ಲ. ಆದರೂ ಅವರಿಬ್ಬರ ನಡುವೆ ಪಾತ್ರೆಗಳ ಮೂಲಕವೇ ಮಾತುಕತೆ ನಡೆಯುತ್ತಿತ್ತು. ಪಾಯಸದಲ್ಲಿ ಸಿಹಿ ಕಡಿಮೆಯಾಗಿದ್ದರೆ, ‘ಅವರಿಗೆ ಹುಷಾರಿಲ್ಲವೋ ಏನೋ, ವಿಚಾರಿಸಿ ಬಾ’ ಎಂದು ಉಮ್ಮ ನನ್ನನ್ನು ಓಡಿಸುತ್ತಿದ್ದರು. ಹೆಚ್ಚಿನ ಸಲ ಅವರ ಊಹೆ ಸರಿಯಾಗಿರುತ್ತಿತ್ತು.

ಇನ್ನು ನಾನು ಅನುತ್ತೀರ್ಣನಾದ ಕತೆ.

ಬೋಳಾರದ ಅಮ್ಮ ಪ್ರತಿ ರಮಝಾನಿನಲ್ಲಿ ಒಂದು ದಿನ ನಮಗೆ ಉಪವಾಸ ತೊರೆಯಲು ಹೆಸರುಬೇಳೆ ಪಾಯಸ ಕಳುಹಿಸುತ್ತಿದ್ದರು. 1998ರ ಡಿಸೆಂಬರಿನಲ್ಲಿ ರಮಝಾನ್ ಆರಂಭವಾದ ಮೊದಲ ವಾರದಲ್ಲೇ ಪಾಯಸ ಬಂತು. ಮುಚ್ಚಳ, ಹಿಡಿಕೆ ಇರುವ ಸ್ಟೀಲ್ ಪಾತ್ರೆ, ತಳದಲ್ಲಿ ಅವರ ಹೆಸರು ಕೊರೆದಿತ್ತು. ಅದೇ ತಿಂಗಳ ಕೊನೆಯಲ್ಲಿ ಸುರತ್ಕಲ್‌ನಲ್ಲಿ ಗಲಭೆಯಾಯಿತು, ಜೀವಗಳು ಹೋದವು. ನಮ್ಮ ಬೀದಿಯಲ್ಲಿ ಏನೂ ಆಗಲಿಲ್ಲ, ಬೋಳಾರದ ಅವರ ಬೀದಿಯಲ್ಲಿಯೂ ಆಗಲಿಲ್ಲ. ಆದರೆ ನನ್ನೊಳಗೆ ಏನೋ ಆಗಿಬಿಟ್ಟಿತ್ತು.

ಜನವರಿಯಲ್ಲಿ ಪೆರ್ನಾಲ್ ಬಂತು. ಉಮ್ಮ ಎಂದಿನಂತೆ ನೈಪತ್ತಿರ್ ಮಾಡಿ, ಆ ಪಾತ್ರೆಗೆ ತುಂಬಿ ನನ್ನ ಮುಂದಿಟ್ಟರು. ‘ಈ ಸಲ ಬೇಡ ಉಮ್ಮಾ, ಕಾಲ ಸರಿಯಿಲ್ಲ’ ಎಂದೆ. ರಸ್ತೆಯಲ್ಲಿ ಭಯವಿದೆ ಎಂಬುದು ನಾನು ಹೇಳಿದ ಕಾರಣ. ಅದು ಸುಳ್ಳು. ಬಸ್ಸುಗಳು ಓಡುತ್ತಿದ್ದವು, ನಾನು ದಿನವೂ ಕೆಲಸಕ್ಕೆ ಹೋಗುತ್ತಿದ್ದೆ. ನಿಜವಾದ ಕಾರಣ ಸಿಟ್ಟು. ಯಾರೋ ಎಲ್ಲಿಯೋ ಮಾಡಿದ್ದಕ್ಕೆ ನಾನು ನನ್ನ ಗೆಳೆಯನ ಮೇಲೆ ಸಿಟ್ಟಾಗಿದ್ದೆ. ಉಮ್ಮ ಏನೂ ಹೇಳಲಿಲ್ಲ. ಪಾತ್ರೆಯನ್ನು ಬರಿದು ಮಾಡಿ, ತೊಳೆದು, ಎತ್ತರದ ಹಲಗೆಯ ಮೇಲೆ ಕವುಚಿ ಇಟ್ಟರು. ಅಡುಗೆಮನೆಗೆ ಹೋದಾಗಲೆಲ್ಲ ತಳದಲ್ಲಿ ಕೊರೆದ ಹೆಸರು ನನಗೆ ಕಾಣುತ್ತಿತ್ತು.

1999ರ ಮಳೆಗಾಲದಲ್ಲಿ ಬಂದರ್‌ನ ಒಂದು ಅಂಗಡಿಯಲ್ಲಿ ಯಾರೋ ಮಾತಿನ ನಡುವೆ ಹೇಳಿದರು, ಬೋಳಾರದ ಅಮ್ಮ ತೀರಿಹೋಗಿ ವಾರವಾಯಿತು ಎಂದು. ನಾನು ಮನೆಗೆ ಬಂದು ಉಮ್ಮನಿಗೆ ತಿಳಿಸಿದೆ. ಅವರು ಎದ್ದು ಪಾತ್ರೆ ಇಳಿಸಿದರು, ಒಂದು ಸೇರು ಅಕ್ಕಿ ತುಂಬಿದರು. ‘ಖಾಲಿ ಕೊಡಬೇಡ’ ಎಂದಷ್ಟೇ ಹೇಳಿದರು.

ಗೆಳೆಯ ಜಗಲಿಯಲ್ಲಿ ಕುಳಿತಿದ್ದ. ನನ್ನನ್ನು ನೋಡಿ, ‘ಬಲ ಮಾರಾಯಾ, ಕುಲ್ಲು’ ಎಂದ. ಬಾ ಮಾರಾಯ, ಕುಳಿತುಕೋ ಎಂದು ಅರ್ಥ. ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ. ಕೊನೆಗೆ ಪಾತ್ರೆಯ ಕಡೆ ನೋಡಿ ಅವನೇ ಹೇಳಿದ: ‘ಅಮ್ಮ ಎರಡು ಸಲ ಕೇಳಿದ್ದರು, ಬಂದರ್‌ನಿಂದ ಪಾತ್ರೆ ಬಂತಾ ಎಂದು. ಅವರು ಕೇಳಿದ್ದು ಪಾತ್ರೆಯನ್ನಲ್ಲ.’

ಆ ಮಾತಿಗೆ ನನ್ನಲ್ಲಿ ಅಂದೂ ಉತ್ತರವಿರಲಿಲ್ಲ, ಇಂದೂ ಇಲ್ಲ. ಗೆಳೆತನ ಮತ್ತೆ ಕೂಡಿತು, ಅಲ್‌ಹಮ್ದುಲಿಲ್ಲಾಹ್. ಆದರೆ ಆ ಏಳು ತಿಂಗಳನ್ನು ಯಾರಿಗೂ ಹಿಂದಿರುಗಿಸಲಾಗದು. ಮೈದಾನ, ಸಮುದ್ರ, ಐಸ್‌ಕ್ರೀಮ್ ಎಲ್ಲವನ್ನೂ ಹಂಚಿಕೊಂಡ, ಓದಿದ ಗಂಡಸು ನಾನು ಸೋತೆ. ಮೂರು ನಾಲ್ಕು ಸಲ ಮಾತ್ರ ಭೇಟಿಯಾದ, ಓದದ ಇಬ್ಬರು ತಾಯಂದಿರು ಸೋಲಲಿಲ್ಲ.

ಮಕ್ಕಳೇ, ಅಂದು ನಾನೊಬ್ಬ ನನ್ನ ಮನಸ್ಸಿನಲ್ಲಿ ಮಾಡಿದ್ದನ್ನು ಇಂದು ಕೆಲವರು ಊರಿನ ಕಾನೂನು ಮಾಡಲು ಹೊರಟಿದ್ದಾರೆ. 2009ರ ಜನವರಿ 24ರಂದು ನಮ್ಮ ನಗರದ ಒಂದು ಪಬ್ಬಿನಲ್ಲಿ ಯುವತಿಯರನ್ನು ಅಟ್ಟಿಸಿಕೊಂಡು ಹೊಡೆದದ್ದನ್ನು ಇಡೀ ದೇಶ ಟಿವಿಯಲ್ಲಿ ನೋಡಿತು. 2012ರ ಜುಲೈ 28ರಂದು ಪಡೀಲಿನ ಹೋಂಸ್ಟೇಯೊಂದರಲ್ಲಿ ಹುಟ್ಟುಹಬ್ಬ ಆಚರಿಸುತ್ತಿದ್ದ ಯುವಕ ಯುವತಿಯರ ಮೇಲೆ ದಾಳಿಯಾಯಿತು. ಪಬ್ಬಿಗೆ ಹೋಗುವುದು ಸರಿಯೇ ಎಂಬುದು ಬೇರೆ ಪ್ರಶ್ನೆ. ಇನ್ನೊಬ್ಬರ ಮಕ್ಕಳ ಮೇಲೆ ಕೈಮಾಡುವ ಅಧಿಕಾರ ಯಾರಿಗೂ ಇಲ್ಲ. ಇದನ್ನು ಹೇಳುವಾಗ ಬೆರಳನ್ನು ಒಂದೇ ಕಡೆ ತೋರಿಸಿ ಕುಳಿತುಕೊಳ್ಳಲು ನಾನು ಸಿದ್ಧನಿಲ್ಲ. ಬಸ್ ನಿಲ್ದಾಣದಲ್ಲಿ ಸಹಪಾಠಿಯೊಂದಿಗೆ ಮಾತಾಡುತ್ತಿದ್ದ ನಮ್ಮ ಹೆಣ್ಣುಮಕ್ಕಳನ್ನು ತಡೆದು, ಫೋಟೊ ತೆಗೆದು ಹಂಚುವ ಹುಡುಗರು ನಮ್ಮಲ್ಲಿಯೂ ಇದ್ದಾರೆ. ಸಮುದಾಯದ ಮಾನ ಕಾಯುತ್ತೇವೆ ಎಂದು ಅವರು ಭಾವಿಸಿದ್ದಾರೆ. ಒಬ್ಬ ಹುಡುಗಿಯನ್ನು ಬೀದಿಯಲ್ಲಿ ಅವಮಾನಿಸಿ ಕಾಯುವ ಮಾನ ಯಾವುದು? ಆ ಹುಡುಗಿ ನಾಳೆ ಕಾಲೇಜು ಬಿಟ್ಟರೆ ಸಂಘ ಕೊಟ್ಟ ವಿದ್ಯಾರ್ಥಿವೇತನದಿಂದ ಪ್ರಯೋಜನವೇನು?

ಇಂದು ನೀವು ಎಲ್ಲರೊಡನೆ ಒಂದೇ ತರಗತಿಯಲ್ಲಿ ಓದುತ್ತೀರಿ. ಆದರೆ ಚಹಾದ ಮೇಜು ಬೇರೆ, ಮೊಬೈಲಿನ ಗುಂಪು ಬೇರೆ, ಭಾನುವಾರದ ತಿರುಗಾಟ ಬೇರೆ. ‘ಯಾರಾದರೂ ನೋಡಿದರೆ?’ ಎಂಬ ಹೆದರಿಕೆ ನಿಮಗಿದೆ ಎಂದು ನನಗೆ ಗೊತ್ತು. ಅದು ಸುಳ್ಳು ಹೆದರಿಕೆ ಎಂದು ಹೇಳುವಷ್ಟು ದಡ್ಡ ನಾನಲ್ಲ. ಆದ್ದರಿಂದ ನಿಮ್ಮಿಂದ ದೊಡ್ಡ ಸಾಹಸ ಕೇಳುವುದಿಲ್ಲ. ಮೂರು ಸಣ್ಣ ಕೆಲಸ ಕೇಳುತ್ತೇನೆ.

ಒಂದು, ಬೇರೆ ಸಮುದಾಯದ ಒಬ್ಬ ಸಹಪಾಠಿಯ ಮನೆಗೆ ಹೋಗಿ, ಅವರ ಹಿರಿಯರ ಕೈಯಿಂದ ಒಂದು ಲೋಟ ನೀರು ಕುಡಿದು ಬನ್ನಿ. ಅವರನ್ನೂ ನಿಮ್ಮ ಮನೆಗೆ ಕರೆಯಿರಿ. ಹೆಣ್ಣುಮಕ್ಕಳು ಗೆಳತಿಯರ ಮನೆಗೆ ಹೋಗಿ ಬರಲು ಹೆತ್ತವರು ಅವಕಾಶ ಕೊಡಬೇಕು. ಮನೆ ಮನೆಗೆ ಗೊತ್ತಿರುವ ಗೆಳೆತನವನ್ನು ಬೀದಿಯಲ್ಲಿ ಮುರಿಯುವುದು ಕಷ್ಟ.

ಎರಡು, ನಿಮ್ಮ ಉಮ್ಮನನ್ನು ಒಮ್ಮೆ ಸಮುದ್ರಕ್ಕೆ ಕರೆದುಕೊಂಡು ಹೋಗಿ. ನಾನು ಹದಿನಾಲ್ಕನೇ ವಯಸ್ಸಿನಲ್ಲಿ ಕಂಡ ತಣ್ಣೀರುಬಾವಿಯನ್ನು ನನ್ನ ಉಮ್ಮ ಮೊದಲು ಕಂಡದ್ದು 2003ರಲ್ಲಿ, ಎಪ್ಪತ್ತನೇ ವಯಸ್ಸಿನಲ್ಲಿ. ದೋಣಿಯಲ್ಲಿ ನನ್ನ ತೋಳು ಬಿಗಿಯಾಗಿ ಹಿಡಿದಿದ್ದರು. ಪಾದ ಮುಳುಗುವಷ್ಟು ನೀರಿನಲ್ಲಿ ಬಹಳ ಹೊತ್ತು ನಿಂತು, ಆಮೇಲೆ ‘ಚರುಮುರಿ ತಿನ್ನುವ’ ಎಂದರು. ಮನೆಯ ಸುಖವನ್ನೆಲ್ಲ ಮಾಡಿಕೊಟ್ಟವರಿಗೆ ಹೊರಗಿನ ಸುಖದ ಪಾಲು ಕೊಡಲು ನಾನು ಅಷ್ಟು ತಡಮಾಡಿದೆ. ನೀವು ಮಾಡಬೇಡಿ.

ಮೂರನೆಯದು ನಿಮಗೆ ಈಗಾಗಲೇ ಗೊತ್ತು. ನಿಮ್ಮ ಅಡುಗೆಮನೆಯ ಹಲಗೆಯನ್ನು ಇಂದು ಸಂಜೆ ನೋಡಿ. ಯಾರದೋ ಪಾತ್ರೆ ಅಲ್ಲಿ ಉಳಿದಿದ್ದರೆ, ಅದು ಎಷ್ಟು ಕಾಲದಿಂದ ಉಳಿದಿದೆ, ಯಾಕೆ ಉಳಿದಿದೆ ಎಂದು ಕೇಳಿ. ಅದಕ್ಕೆ ಏನಾದರೂ ತುಂಬಿ, ನೀವೇ ಎತ್ತಿಕೊಂಡು ಹೋಗಿ ಕೊಟ್ಟು ಬನ್ನಿ. ಕಾಲ ಸರಿಯಾಗಲಿ ಎಂದು ಕಾಯಬೇಡಿ.

 ಅಲ್ಲಾಹನು ನಮ್ಮ ಮನೆಗಳನ್ನೂ ನಮ್ಮ ಮೈಕಾಲವನ್ನೂ ಕಾಪಾಡಲಿ. ಆಮೀನ್. ವಸ್ಸಲಾಮ್.