ವೈನಿನ ಬೆರಕೆ, ಬೆಳೆಗಾರನ ಬೆಲೆ

(ತೆಂಗಿನಗುಂಡಿಯ ರೈತರ ಸಭೆಯಲ್ಲಿ ಆಡಿದ ಮಾತು)



ತೆಂಗಿನಗುಂಡಿಯಲ್ಲಿ ನಿಂತು ದ್ರಾಕ್ಷಿಯ ಮಾತು ಯಾಕೆ ಅಂತ ನೀವು ಕೇಳಬಹುದು. ನಮ್ಮ ಮಳೆಗೆ ದ್ರಾಕ್ಷಿ ನಿಲ್ಲುವುದಿಲ್ಲ, ಗೊತ್ತಿದ್ದದ್ದೇ. ಆದರೆ ಕಂಪನಿಯ ಜೊತೆ ಕರಾರು ಮಾಡಿಕೊಂಡು ಬೆಳೆಯಿರಿ ಎಂಬ ಉಪದೇಶ ಈಗ ಒಂದೊಂದೇ ಬೆಳೆಗೆ ಬರುತ್ತಿದೆ. ಆ ದಾರಿಯಲ್ಲಿ ಈಗಾಗಲೇ ನಡೆದು ನೋಡಿದವರು ವೈನ್ ದ್ರಾಕ್ಷಿಯ ರೈತರು. ಅವರ ಲೆಕ್ಕ ಸ್ವಲ್ಪ ಕೇಳಿ.

ನಂದಿಬೆಟ್ಟದ ಬುಡದಲ್ಲಿ, ದೊಡ್ಡಬಳ್ಳಾಪುರದ ಕಡೆ, 1988ರಲ್ಲಿ ಗ್ರೋವರ್ ಕಂಪನಿ ಶುರುವಾಯಿತು. ಹಾಕಿದ್ದು ಫ್ರಾನ್ಸಿನ ತಳಿ. ಅವರ ಹೆಸರಾದ ಕೆಂಪು ವೈನು 'ಲಾ ರಿಸರ್ವ್' ಒಂದೇ ಹಣ್ಣಿನದಲ್ಲ, ಕ್ಯಾಬರ್ನೆ ಸೊವಿನ್ಯೋ ಮತ್ತು ಶಿರಾಜ್ ಎರಡರ ಬೆರಕೆ. ಬೆರಕೆ ಎಂದರೆ ಕಲಬೆರಕೆ ಎಂದು ತಿಳಿಯಬೇಡಿ. ಬಿಸಿಲು ಸೀಮೆಯಲ್ಲಿ ಹಣ್ಣಿಗೆ ಸಿಹಿ ಬೇಗ ಏರುತ್ತದೆ, ಹುಳಿ ಬೇಗ ಇಳಿಯುತ್ತದೆ. ಒಂದು ತಳಿಗೆ ಒಗರು, ಬಿಗಿ ಇರುತ್ತದೆ, ಇನ್ನೊಂದಕ್ಕೆ ಬಣ್ಣ, ಮೆದು ರುಚಿ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಕುಮಟಾ ಯಾರ್ಡಿನಲ್ಲಿ ಹಳೆ ಚಾಲಿ, ಹೊಸ ಚಾಲಿ, ಕೋಕಾ, ಚಿಪ್ಪು ಅಂತ ಬೇರೆ ಬೇರೆ ದರಕ್ಕೆ ಕೊಟ್ಟ ನಮ್ಮ ಅಡಿಕೆ ಯಾವ ಸುಪಾರಿ ಪೊಟ್ಟಣದಲ್ಲಿ ಎಷ್ಟು ಸೇರಿತು ಎಂದು ನಮಗೆ ಯಾರು ಹೇಳುತ್ತಾರೆ? ಇದೂ ಹಾಗೇ. ಬಾಟಲಿಯ ದರ ನಿಂತಿರುವುದು ಬೆರೆಸಿದವನ ಹೆಸರಿನ ಮೇಲೆ.

ಆದರೆ ದರ ಬಿದ್ದರೆ ನಾವು ಅಡಿಕೆಯನ್ನು ಅಟ್ಟದ ಮೇಲೆ ಇಟ್ಟು ಕಾಯಬಹುದು ಮಾರಾಯ್ರೇ. ಕೊಯ್ದ ದ್ರಾಕ್ಷಿ ಕಾಯುವುದಿಲ್ಲ. ಅದರಲ್ಲೂ ಶಿರಾಜ್ ಹಣ್ಣು ಸಣ್ಣದು, ಸಿಪ್ಪೆ ದಪ್ಪ, ಒಳಗೆ ಬೀಜ. ಸಂತೆಯಲ್ಲಿ ಕೇಳುವವರಿಲ್ಲ. ಬೆಂಗಳೂರು ನೀಲಿ ಬೆಳೆದವನಿಗೆ ತಿನ್ನುವ ಗಿರಾಕಿಯೂ ಉಂಟು, ಜ್ಯೂಸಿಗೆ, ಸಿಹಿ ವೈನಿಗೆ ಒಯ್ಯುವವರೂ ಉಂಟು. ವೈನ್ ತಳಿ ಹಾಕಿದವನಿಗೆ ಕಾರ್ಖಾನೆ ಬಿಟ್ಟರೆ ಗತಿಯಿಲ್ಲ. ಮೇಲಿಂದ, ರುಚಿ ಗಟ್ಟಿಯಾಗಲಿ ಎಂದು ಗೊಂಚಲು ಕಿತ್ತು ಹಾಕಿಸಿ ಇಳುವರಿಯನ್ನೇ ಕಡಿಮೆ ಮಾಡಿಸುತ್ತಾರೆ. ಬೆಳೆ ಇಳಿಸು ಎನ್ನುವವನು ಕಿಲೋದ ದರ ಏರಿಸಬೇಡವೇ? ಕಂಬ, ತಂತಿ, ಹನಿ ನೀರಾವರಿಗೆ ತೆಗೆದ ಸಾಲಕ್ಕೆ ಬಡ್ಡಿ ಮೊದಲ ದಿನದಿಂದ ಓಡುತ್ತದೆ. ಹೇಳಿಕೊಳ್ಳುವಂಥ ಫಸಲು ಬರುವುದು ಮೂರನೇ ವರ್ಷಕ್ಕೆ.

2007ರಲ್ಲಿ ನಮ್ಮ ಸರ್ಕಾರ ವೈನ್ ನೀತಿ ತಂದಿತು, ದ್ರಾಕ್ಷಾರಸ ಮಂಡಳಿ ಮಾಡಿತು. ಸರಿ. ಆದರೆ ನಾಸಿಕದ ಕಡೆ 2008ರ ನಂತರ ವೈನಿನ ಮಾರಾಟ ಕುಸಿದಾಗ ಹಣ್ಣು ಎತ್ತುವವರಿಲ್ಲದೆ ಎಷ್ಟೋ ರೈತರು ಬಳ್ಳಿಯನ್ನೇ ಕಿತ್ತರು. ಸಾಲವನ್ನು ಕಿತ್ತು ಹಾಕಲಾಗುತ್ತದೆಯೇ?

ಫ್ರಾನ್ಸಿನ ದಕ್ಷಿಣಕ್ಕೂ ಇಂಥದೇ ಬಿಸಿಲು ಸೀಮೆಯೊಂದಿದೆ, ಲಾಂಗ್‌ದಾಕ್. ಸಕ್ಕರೆ, ನೀರು ಸೇರಿಸಿದ ಖೋಟಾ ವೈನಿನಿಂದ ದರ ನೆಲಕಚ್ಚಿತೆಂದು 1907ರಲ್ಲಿ ಮಾರ್ಸೆಲಿನ್ ಆಲ್ಬೇರ್ ಎಂಬ ಹಳ್ಳಿಯ ಬೆಳೆಗಾರ ಎದ್ದು ನಿಂತ. ಜೂನ್ 9ರಂದು ಮೋಂಪೆಲಿಯೆ ಪಟ್ಟಣದಲ್ಲಿ ಲಕ್ಷಗಟ್ಟಲೆ ಜನ ಸೇರಿದರು. ನಾರ್ಬೋನ್ ಊರಿನಲ್ಲಿ ಸೈನಿಕರ ಗುಂಡಿಗೆ ಜನ ಸತ್ತರು. ನಮ್ಮ ನರಗುಂದದಲ್ಲಿ 1980ರ ಜುಲೈನಲ್ಲಿ ಆದದ್ದು ನೆನಪಿರುವವರಿಗೆ ನಾನು ಹೆಚ್ಚು ಹೇಳಬೇಕಿಲ್ಲ. ಆ ಜೂನ್ ಮುಗಿಯುವುದರೊಳಗೆ ಫ್ರಾನ್ಸಿನಲ್ಲಿ ಖೋಟಾ ವೈನಿನ ಮೇಲೆ ಕಾಯಿದೆ ಬಂತು.

ನಾಳೆ ಯಾವ ಬೆಳೆಗೇ ಆಗಲಿ, ಯಾರಾದರೂ ಕರಾರು ಪತ್ರ ಹಿಡಿದು ನಿಮ್ಮ ಅಂಗಳಕ್ಕೆ ಬಂದರೆ, ಸಹಿಗೆ ಮುಂಚೆ ಅದನ್ನು ಸಂಘಕ್ಕೆ ತನ್ನಿ. ಮಾಲು ಎತ್ತದಿದ್ದರೆ ಪರಿಹಾರ ಎಷ್ಟು, ಗುಣಮಟ್ಟ ಅಳೆಯುವವರು ಯಾರು, ಹಣ ಎಷ್ಟು ದಿನದೊಳಗೆ, ಇಷ್ಟೂ ಕನ್ನಡದಲ್ಲಿ ಬರೆದಿದೆಯೇ ಎಂದು ಕೂತು ಓದೋಣ.