ಚೆನ್ನಾಗಿದೆ ಎಂದರಾಯಿತೆ?

(ಸಂಘದ ಹವ್ಯಾಸಿ ಛಾಯಾಚಿತ್ರ ಪ್ರದರ್ಶನದ ಸಂದರ್ಭದಲ್ಲಿ ಮಾಡಿದ ಭಾಷಣ)



ನಮ್ಮ ಸದಸ್ಯರು ತೆಗೆದ ಛಾಯಾಚಿತ್ರಗಳನ್ನು ಕುರಿತು ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನಾವು ಹಿಂಜರಿದೆವು. ಛಾಯಾಗ್ರಹಣದ ಶಾಸ್ತ್ರವನ್ನು ನಾವು ಓದಿದವರಲ್ಲ. ಬ್ಯಾಂಕಿನಲ್ಲಿ ಕುಳಿತು ಚೆಕ್ಕಿನ ಸಹಿಯನ್ನು ಮಾದರಿ ಸಹಿಯೊಡನೆ ತಾಳೆ ನೋಡುವುದಷ್ಟೇ ನಮ್ಮ ಕಣ್ಣಿಗೆ ದೊರೆತ ಶಿಕ್ಷಣ. "ನೀವು ಚಿತ್ರ ತೆಗೆಯುವವರಲ್ಲ, ನೋಡುವವರು, ನೋಡುವವರ ಪರವಾಗಿ ಮಾತಾಡಿ" ಎಂದರು. ಆ ಪಕ್ಷದ ವಕಾಲತ್ತು ಹಿಡಿದು ಬಂದಿದ್ದೇವೆ. ಆದರೆ ಆಡಬೇಕಾಗಿರುವುದು ಅದರ ಪರವಾದ ಮಾತೇನೂ ಅಲ್ಲ.

ನಮ್ಮ ತಂದೆಯವರ ಬಳಿ ಒಂದು ಆಗ್ಫಾ ಕ್ಲಿಕ್ ಕ್ಯಾಮೆರಾ ಇತ್ತು. ಒಂದು ಸುರುಳಿಗೆ ೧೨ ಚಿತ್ರ. ಸುರುಳಿ ಮುಗಿದು, ತೊಳೆಸಿ, ಪ್ರತಿಗಳು ಕೈಸೇರುವ ಹೊತ್ತಿಗೆ ತಿಂಗಳುಗಳೇ ಕಳೆಯುತ್ತಿದ್ದುವು. ಲಕೋಟೆ ಬಂದ ಸಂಜೆ ಮನೆಮಂದಿಯೆಲ್ಲ ಸುತ್ತ ಕೂಡುವರು. ಅಜ್ಜಿ ಒಂದೊಂದನ್ನೂ ದೀಪದ ಕಡೆ ಹಿಡಿದು, "ಈ ಕರು ಯಾಕೋ ಬಡವಾಗಿದೆಯಲ್ಲೊ, ತಾಯಿಗೆ ಹಾಲು ಸಾಲದೆ?" ಎಂದು ಕೇಳುವರು. ಚಿತ್ರ ಚೆನ್ನಾಗಿದೆಯೆ ಇಲ್ಲವೆ ಎಂಬ ಪ್ರಶ್ನೆ ಅವರಿಗೆ ಹೊಳೆದದ್ದೇ ಇಲ್ಲ. ಅವರು ಕರುವನ್ನು ನೋಡುತ್ತಿದ್ದರು. ಇಂದು ಬೆಳಗಿನ ಕಾಫಿ ಮುಗಿಯುವುದರೊಳಗೆ ನಮ್ಮ ಮೊಬೈಲಿಗೆ ನಲವತ್ತು ಚಿತ್ರ ಬಂದಿರುತ್ತವೆ. ಹೆಬ್ಬೆರಳಿನ ಗುರುತು ಒತ್ತಿ ಸಾಗಹಾಕುತ್ತೇವೆ. ಹಿಂದೆ ಅಕ್ಷರ ಬಾರದವರು ಹೆಬ್ಬೆಟ್ಟು ಒತ್ತುತ್ತಿದ್ದರು. ಈಗ ಬಲ್ಲವರೂ ಒತ್ತುತ್ತೇವೆ.

ಚಿತ್ರವನ್ನು ಸಾವಧಾನವಾಗಿ ನೋಡಿದರೆ ಬರಿಗಣ್ಣು ತಪ್ಪಿಸಿಕೊಂಡದ್ದು ಕಾಣುತ್ತದೆ. ೧೮೭೮ರಲ್ಲಿ ಕ್ಯಾಲಿಫೋರ್ನಿಯದ ಪಾಲೋ ಆಲ್ಟೋದಲ್ಲಿ ಮೈಬ್ರಿಜ್ ಎಂಬಾತ ೧೨ ಕ್ಯಾಮೆರಾಗಳನ್ನು ಸಾಲಾಗಿ ಇಟ್ಟು ಓಡುವ ಕುದುರೆಯ ಚಿತ್ರ ತೆಗೆದ. ನಾಗಾಲೋಟದಲ್ಲಿ ನಾಲ್ಕು ಕಾಲೂ ನೆಲ ಬಿಡುವ ಕ್ಷಣವುಂಟು. ಆದರೆ ಆಗ ಕಾಲುಗಳು ಹೊಟ್ಟೆಯ ಕೆಳಗೆ ಕೂಡಿಕೊಂಡಿರುತ್ತವೆ. ಅಷ್ಟು ಕಾಲವೂ ದೊಡ್ಡ ದೊಡ್ಡ ಚಿತ್ರಕಾರರು ಮುಂಗಾಲು ಮುಂದಕ್ಕೂ ಹಿಂಗಾಲು ಹಿಂದಕ್ಕೂ ಚಾಚಿದ ಕುದುರೆಗಳನ್ನೇ ಬರೆದಿದ್ದರು.

ಅಷ್ಟು ದೂರ ಹೋಗಬೇಕಾಗಿಲ್ಲ. ಡೊಂಬಿವಲಿಯ ನಮ್ಮ ಸದಸ್ಯೆಯೊಬ್ಬರು ಅಡಿಗೆಮನೆಯ ಕಿಟಕಿಯಿಂದ ತೆಗೆದ ಬೆಕ್ಕಿನ ಚಿತ್ರ ಆ ಮೂಲೆಯಲ್ಲಿದೆ. ಆಯ್ಕೆಯ ದಿನ ನಾವೆಲ್ಲ ಅದನ್ನು ಬದಿಗಿಟ್ಟಿದ್ದೆವು. ಗೋಡೆ ವಾಲಿದೆ, ಕಿಟಕಿಯ ಸರಳು ಅಡ್ಡ ಬಂದಿದೆ, ಬಾಲ ಅರ್ಧ ಕತ್ತರಿಸಿದೆ. ಸಹಿ ತಾಳೆ ನೋಡುವ ಕಣ್ಣಿಗೆ ತಪ್ಪಿಗೇನು ಬರಗಾಲ? ಒಬ್ಬ ಸದಸ್ಯರ ಹತ್ತು ವರ್ಷದ ಮಗ ಬಂದು, "ಇವಳು ಬೆಕ್ಕಿಗೆ ಮೀನು ಕೊಡುತ್ತಿದ್ದಾಳೆ" ಎಂದ. ಯಾರು? ಚಿತ್ರದ ಅಂಚಿನಲ್ಲಿ ಗಾಜಿನ ಬಳೆ ತೊಟ್ಟ ಒಂದು ಕೈ, ಮೀನಿನ ಬುಟ್ಟಿ, ಬೆರಳುಗಳ ನಡುವೆ ಒಂದು ಪುಟ್ಟ ಮೀನು. ಆ ತಾಯಿಯನ್ನು ಕೇಳಿದಾಗ, "ಮೀನಿನವಳು ದಿನವೂ ಮೊದಲು ಅದಕ್ಕೆ ಕೊಟ್ಟೇ ವ್ಯಾಪಾರ ಶುರುಮಾಡುತ್ತಾಳೆ, ಅದಕ್ಕೇ ತೆಗೆದೆ" ಎಂದರು. ಅಲ್ಲಿಯವರೆಗೆ ಅವರನ್ನು ಒಬ್ಬರೂ ಕೇಳಿರಲಿಲ್ಲ.

ಮದರಾಸಿನ ಎಂ. ಕೃಷ್ಣನ್ ಅವರ (೧೯೧೨–೧೯೯೬) ಹೆಸರು ಇಲ್ಲಿ ನೆನಪಾಗುತ್ತದೆ. ಪ್ರಸಿದ್ಧ ವನ್ಯಜೀವಿ ಛಾಯಾಗ್ರಾಹಕರು. ೧೯೪೦ರ ದಶಕದಲ್ಲಿ ನಮ್ಮ ಸಂಡೂರಿನಲ್ಲಿ ಉದ್ಯೋಗದಲ್ಲಿದ್ದವರು. ಆನೆಗಳ ಕಪ್ಪುಬಿಳುಪು ಚಿತ್ರ ತೆಗೆದ ಅವರೇ ೧೯೫೦ರಿಂದ 'ಸ್ಟೇಟ್ಸ್‌ಮನ್' ಪತ್ರಿಕೆಯ ಅಂಕಣದಲ್ಲಿ ಮನೆಯ ಸುತ್ತಲಿನ ಕಾಗೆ, ಅಳಿಲುಗಳನ್ನೂ ಕುರಿತು ಬರೆದರು. ಕಾಗೆ ಅವರಿಗೆ ಸಣ್ಣ ವಿಷಯವಾಗಿರಲಿಲ್ಲ.

ಇನ್ನು ಹೇಳಲು ಕಷ್ಟವಾದ ಮಾತು. ನಮ್ಮ ಗೆಳೆಯರೊಬ್ಬರ ಬಾಲ್ಕನಿಯ ಮಲ್ಲಿಗೆ ಬಳ್ಳಿಯಲ್ಲಿ ಪಿಕಳಾರ ಹಕ್ಕಿ ಗೂಡು ಕಟ್ಟಿತ್ತು. ಮೂರು ಮರಿಗಳು ಬಾಯಿ ತೆರೆದ ಚಿತ್ರವನ್ನು ಅವರು ಕಳುಹಿಸಿದಾಗ ಹೊಗಳಿಕೆಯ ಮಳೆಯೇ ಸುರಿಯಿತು. "ಇನ್ನೂ ಹತ್ತಿರದಿಂದ ಒಂದು ಬರಲಿ" ಎಂದು ಬರೆದವರು ನಾವೇ. ಮರುದಿನ ಬಂತು, ಮೊದಲಿನದಕ್ಕಿಂತ ಸ್ಪಷ್ಟವಾಗಿ. ಮತ್ತೆ ಹೊಗಳಿದೆವು. ಮೂರನೆಯ ದಿನ ಗೂಡು ಬರಿದಾಗಿತ್ತು. ಮರೆಯಾಗಿದ್ದ ಎಲೆಗಳನ್ನು ಗೆಳೆಯರು ನೂಲಿನಿಂದ ಹಿಂದಕ್ಕೆ ಕಟ್ಟಿದ್ದರು. ಕ್ಯಾಮೆರಾಕ್ಕೆ ಕಂಡದ್ದು ಕಾಗೆಗೂ ಕಂಡಿತು. ಹೀಗಾಗುವುದೆಂದೇ ಎಷ್ಟೋ ವನ್ಯಜೀವಿ ಛಾಯಾಚಿತ್ರ ಸ್ಪರ್ಧೆಗಳಲ್ಲಿ ಗೂಡಿನ ಚಿತ್ರಗಳನ್ನು ಸ್ವೀಕರಿಸುವುದಿಲ್ಲವೆಂದು ನಮಗೆ ಆಮೇಲೆ ತಿಳಿಯಿತು.

ಎಲೆಗಳ ನಡುವೆ ಇರಬೇಕಾದ ಗೂಡು ಇಷ್ಟು ಬಯಲಾಗಿ ಕಾಣುವುದು ಹೇಗೆ ಎಂದು ಮೊದಲ ದಿನವೇ ಯಾರಾದರೂ ಕೇಳಬಹುದಿತ್ತು. ನೂಲಿನ ಎಳೆಯೂ ಚಿತ್ರದಲ್ಲಿ ಇದೆ. ಈಗ ನೋಡಿದರೆ ಎದ್ದು ಕಾಣುತ್ತದೆ. ಗೆಳೆಯರನ್ನು ಯಾರೂ ದೂರಲಿಲ್ಲ. ದೂರುವ ಮುಖ ನಮಗೆಲ್ಲಿತ್ತು?

ಪ್ರದರ್ಶನಕ್ಕೆ ಆ ಮರಿಗಳ ಚಿತ್ರವನ್ನು ಕೊಡಿರೆಂದು ನಾವು ಕೇಳಲಿಲ್ಲ. ಅವರೇ ನಿನ್ನೆ ಸಂಜೆ ಒಂದು ಚಿತ್ರ ತಂದು, ಬೆಕ್ಕಿನ ಪಕ್ಕದಲ್ಲಿ ತಮ್ಮ ಕೈಯಾರೆ ತೂಗುಹಾಕಿ ಹೋದರು. ಬರಿದಾದ ಗೂಡು, ನೂಲು ಇನ್ನೂ ಬಿಚ್ಚಿಲ್ಲ. ಕೆಳಗೆ ಹೆಸರಿಲ್ಲ, ಶೀರ್ಷಿಕೆಯಿಲ್ಲ. ಅವರು ಇಂದು ಸಭೆಗೆ ಬಂದಿದ್ದಾರೆ, ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಚಹಾದ ಹೊತ್ತಿಗೆ ಆ ಚಿತ್ರದ ಮುಂದೆ ಅವರೊಡನೆ ಸ್ವಲ್ಪ ಹೊತ್ತು ನಿಲ್ಲಬೇಕೆಂದಿದ್ದೇವೆ. ನೀವೂ ಬನ್ನಿ.