ಕಲಿಸುವವರ ಸಣ್ಣ ಕಷ್ಟಗಳು ಸಣ್ಣವಲ್ಲ

(ಮೂಡಿಗೆರೆಯಲ್ಲಿ ಕಾಲೇಜು ಅಧ್ಯಾಪಕರು ಮತ್ತು ಗ್ರಂಥಪಾಲಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ವರ್ಷದಲ್ಲಿ ಎರಡು ದಿನ ನಿಮಗೆ ಹಾರ ಮತ್ತು ಶಾಲು ದೊರೆಯುತ್ತದೆ. ಆಗಸ್ಟ್ 12 ಗ್ರಂಥಪಾಲಕರ ದಿನ, ಸೆಪ್ಟೆಂಬರ್ 5 ಶಿಕ್ಷಕರ ದಿನ. ಆ ಎರಡು ದಿನಗಳ ಭಾಷಣಗಳಲ್ಲಿ ನೀವು ರಾಷ್ಟ್ರನಿರ್ಮಾಪಕರು. ಉಳಿದ 363 ದಿನಗಳಲ್ಲಿ ನಿಮ್ಮ ಪಾಡೇನು ಎಂಬ ಕುರಿತು ಯಾರೂ ಭಾಷಣ ಮಾಡುವುದಿಲ್ಲ. ಇಂದು ಆ ದಿನಗಳ ಬಗ್ಗೆ ಮಾತಾಡಲು ನಿಮ್ಮ ಅನುಮತಿ ಕೋರುತ್ತೇನೆ.

ನಾನು ಅಧ್ಯಾಪಕನಲ್ಲ. ಮದ್ರಸದಲ್ಲಿ ಕಲಿತು, ಅನಂತರ ಬಿ.ಎ. ಓದಿ, ಪತ್ರಿಕೆಯ ಕೆಲಸಕ್ಕೆ ಬಂದವನು. ಆದ್ದರಿಂದ ನಿಮ್ಮ ಕಷ್ಟಗಳನ್ನು ನಾನು ಬೆಂಚಿನ ಈಚೆ ಬದಿಯಿಂದ ಕಂಡಿದ್ದೇನೆ. ಪದವಿ ಓದುತ್ತಿದ್ದಾಗ ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಗಾಜಿನ ಬಾಗಿಲಿನ ಬೀರುಗಳಿದ್ದವು. ಪುಸ್ತಕಗಳು ಕಾಣುತ್ತಿದ್ದವು, ಕೈಗೆ ಸಿಗುತ್ತಿರಲಿಲ್ಲ. ಒಮ್ಮೆ ಒಂದು ನಿಘಂಟಿಗಾಗಿ ಮೂರು ದಿನ ಅಲೆದೆ. ಮೂರನೆಯ ದಿನ ಗ್ರಂಥಪಾಲಕರೊಡನೆ ಜಗಳವನ್ನೂ ಆಡಿದೆ. ಅವರು ಸಿಟ್ಟಾಗಲಿಲ್ಲ. "ಹೋದ ಸಲ ಲೆಕ್ಕ ತೆಗೆದಾಗ ಹನ್ನೊಂದು ಪುಸ್ತಕ ಕಡಿಮೆ ಬಂತಪ್ಪಾ. ಅದರ ಹಣವನ್ನು ನನ್ನ ಸಂಬಳದಲ್ಲಿ ಹಿಡಿದರು. ಈಗ ಬೀಗ ತೆರೆಯುವಾಗ ಕೈ ನಡುಗುತ್ತದೆ" ಎಂದರು. ಅನಂತರ ಬೀಗ ತೆರೆದು ನಿಘಂಟನ್ನು ಕೊಟ್ಟರು. ಅಂದಿನವರೆಗೂ ಅವರನ್ನು ಜಿಪುಣರೆಂದು ಭಾವಿಸಿದ್ದ ನನಗೆ, ಆ ಬೀಗ ಹಾಕಿದ್ದು ಅವರಲ್ಲ, ಅವರ ಮೇಲಿನ ಅಪನಂಬಿಕೆ ಎಂಬುದು ಆಗ ತಿಳಿಯಿತು.

ಮಿತ್ರರೇ, ಇಂದು ನನ್ನ ಮಾತೆಲ್ಲ ಈ ಒಂದು ಸಂಗತಿಯ ಸುತ್ತ. ನಿಮ್ಮ ದಿನನಿತ್ಯದ ಕಿರಿಕಿರಿಗಳು ಬೇರೆ ಬೇರೆಯಾಗಿ ಕಾಣುತ್ತವೆ. ಆದರೆ ಅವುಗಳ ಬೇರು ಒಂದೇ. ಕಲಿಸುವವನನ್ನು ನಂಬದ ವ್ಯವಸ್ಥೆ ಅವನಿಂದ ಕಲಿಸುವುದನ್ನು ಬಿಟ್ಟು ಉಳಿದೆಲ್ಲದರ ಲೆಕ್ಕ ಕೇಳುತ್ತದೆ.

ಗ್ರಂಥಾಲಯದಿಂದಲೇ ಆರಂಭಿಸೋಣ. ನಮ್ಮ ದೇಶದ ಗ್ರಂಥಾಲಯ ಶಾಸ್ತ್ರದ ಪಿತಾಮಹ ಎಸ್.ಆರ್. ರಂಗನಾಥನ್ ಅವರು 1917ರಲ್ಲಿ ವೃತ್ತಿ ಆರಂಭಿಸಿದ್ದು ಘಟ್ಟದ ಕೆಳಗಿನ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ, ಗಣಿತದ ಅಧ್ಯಾಪಕರಾಗಿ. 1924ರಲ್ಲಿ ಅವರು ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಕೆಲವೇ ದಿನಗಳಲ್ಲಿ ಆ ಏಕಾಂತ ಅವರಿಗೆ ಬೇಸರ ತಂದಿತು, ಪಾಠದ ಕೆಲಸಕ್ಕೇ ಮರಳಲು ಬಯಸಿದ್ದರು. ಮುಂದೆ ಲಂಡನ್ನಿಗೆ ಹೋಗಿ ಅಲ್ಲಿನ ಗ್ರಂಥಾಲಯಗಳನ್ನು ಕಂಡ ಮೇಲೆ ಅವರ ಬದುಕಿನ ದಾರಿಯೇ ಬದಲಾಯಿತು. 1931ರಲ್ಲಿ ಅವರು ಮಂಡಿಸಿದ ಐದು ಸೂತ್ರಗಳಲ್ಲಿ ಮೊದಲನೆಯದರ ತಾತ್ಪರ್ಯವಿಷ್ಟೇ: ಪುಸ್ತಕವಿರುವುದು ಬಳಕೆಗೆ, ಕಾವಲಿಗಲ್ಲ. ಓದುಗನು ಕಪಾಟಿನ ಬಳಿಗೆ ತಾನೇ ಹೋಗಿ ಪುಸ್ತಕ ತೆಗೆಯುವಂತಿರಬೇಕೆಂದು ಅವರು ವಾದಿಸಿದರು. ಅದೇ ರಂಗನಾಥನ್ ಅವರು 1962ರಲ್ಲಿ ಬೆಂಗಳೂರಿನಲ್ಲಿ ಗ್ರಂಥಾಲಯ ಶಾಸ್ತ್ರದ ತರಬೇತಿ ಕೇಂದ್ರವನ್ನು ಕಟ್ಟಿದರು, 1972ರಲ್ಲಿ ಅದೇ ನಗರದಲ್ಲಿ ನಿಧನರಾದರು. ಅವರ ಜನ್ಮದಿನವನ್ನು ನಾವು ಆಚರಿಸುತ್ತೇವೆ. ಅವರ ಮೊದಲ ಸೂತ್ರವನ್ನು ಮಾತ್ರ ಬೀರುವಿನೊಳಗಿಟ್ಟು ಬೀಗ ಹಾಕಿದ್ದೇವೆ!

ನೂರಾರು ಕೈಗಳು ಬಳಸುವ ಪುಸ್ತಕಗಳಲ್ಲಿ ಕೆಲವು ಕಳೆದೇ ಹೋಗುತ್ತವೆ. ಇದು ಸರಕಾರಕ್ಕೆ ತಿಳಿಯದ ವಿಷಯವೇನಲ್ಲ. ಕೇಂದ್ರ ಸರಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು ಇದನ್ನು ಸ್ಪಷ್ಟವಾಗಿ ಒಪ್ಪಿಕೊಂಡಿವೆ. ವರ್ಷವೊಂದರಲ್ಲಿ ಎರವಲು ಕೊಟ್ಟ ಅಥವಾ ಓದಲು ಬಳಸಿದ ಪ್ರತಿ 1,000 ಪುಸ್ತಕಗಳಿಗೆ 5 ನಷ್ಟವಾದರೆ, ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯ ಇಲ್ಲದಿದ್ದಲ್ಲಿ, ಅದು ಸಹಜವೆಂದು ಪರಿಗಣಿಸಬಹುದು. ಅಪರೂಪದ ಕೃತಿ ಅಥವಾ 1,000 ರೂಪಾಯಿಗಿಂತ ಹೆಚ್ಚು ಬೆಲೆಯ ಪುಸ್ತಕ ಕಳೆದರೆ ಮಾತ್ರ ತನಿಖೆ ನಡೆಯಲೇಬೇಕು. ಅದು ಕೇಂದ್ರದ ನಿಯಮವಾಗಿರಬಹುದು. ಆದರೆ ಅದರ ಹಿಂದಿರುವ ಸಾಮಾನ್ಯ ಜ್ಞಾನ ನಮ್ಮ ಪ್ರತಿಯೊಂದು ಕಾಲೇಜಿಗೂ ಬೇಕು. ಒಂದೂ ಪುಸ್ತಕ ಕಳೆಯದ ಗ್ರಂಥಾಲಯವೆಂದರೆ ಬಹುಶಃ ಯಾರೂ ಓದದ ಗ್ರಂಥಾಲಯ.

ಇನ್ನು ಗ್ರಂಥಪಾಲಕರ ಸ್ಥಾನಮಾನದ ಪ್ರಶ್ನೆ. ಯುಜಿಸಿಯ 2018ರ ನಿಯಮಾವಳಿಯಲ್ಲಿ ಕಾಲೇಜು ಗ್ರಂಥಪಾಲಕರ ಆರಂಭದ ವೇತನ ಶ್ರೇಣಿ ಸಹಾಯಕ ಪ್ರಾಧ್ಯಾಪಕರದ್ದೇ. ಹೀಗಿರುವಾಗ ಅಧ್ಯಾಪಕರಿಗೆ ರಜೆ ಬಂದಾಗ ಇವರಿಗೆ ರಜೆಯಿಲ್ಲ, ಪಠ್ಯದ ಚರ್ಚೆ ನಡೆಯುವಾಗ ಇವರಿಗೆ ಕರೆಯಿಲ್ಲ. ಹುದ್ದೆ ಖಾಲಿಯಿದ್ದರಂತೂ ಯಾರೋ ಒಬ್ಬ ಅಧ್ಯಾಪಕರಿಗೆ ಪ್ರಭಾರ ಅಂಟಿಕೊಳ್ಳುತ್ತದೆ. ಅವರು ಪಾಠಕ್ಕೆ ಹೋದಾಗ ಗ್ರಂಥಾಲಯ ಮುಚ್ಚಿರುತ್ತದೆ, ಗ್ರಂಥಾಲಯ ತೆರೆದಾಗ ವಿದ್ಯಾರ್ಥಿ ಪಾಠದಲ್ಲಿರುತ್ತಾನೆ.

ಕುರ್ಚಿಯಿಲ್ಲದ ಅತಿಥಿ

ನಮ್ಮ ಮಲೆನಾಡಿನಲ್ಲಿ ಮನೆಗೆ ಅತಿಥಿ ಬಂದರೆ ಮೊದಲು ಕುರ್ಚಿ, ಅನಂತರ ಕಾಫಿ, ಆಮೇಲೆ ಮಾತು. ಕಾಲೇಜಿನ ಅತಿಥಿ ಉಪನ್ಯಾಸಕನಿಗೆ ಮೊದಲು ಕೆಲಸ. ಕುರ್ಚಿ ಸಿಕ್ಕರೆ ಸಿಕ್ಕೀತು. ಹತ್ತು ಹದಿನೈದು ವರ್ಷ ಅತಿಥಿಯಾಗಿಯೇ ಉಳಿದವರು ನಮ್ಮ ನಡುವೆ ಇದ್ದಾರೆ. ಇಷ್ಟು ವರ್ಷ ಒಂದೇ ಮನೆಯಲ್ಲಿ ದುಡಿದವನನ್ನು ಅತಿಥಿ ಎಂದು ಕರೆಯುವುದು ಯಾವ ನ್ಯಾಯ?

2021ರ ಡಿಸೆಂಬರಿನಲ್ಲಿ ಅತಿಥಿ ಉಪನ್ಯಾಸಕರು ಮುಷ್ಕರಕ್ಕಿಳಿದಾಗ ಅವರ ಮಾಸಿಕ ಗೌರವಧನ 11 ಸಾವಿರದಿಂದ 13 ಸಾವಿರ ರೂಪಾಯಿ ಇತ್ತು. 2022ರ ಜನವರಿಯಲ್ಲಿ ಸರಕಾರ ಅದನ್ನು ಅರ್ಹತೆ ಮತ್ತು ಸೇವೆಯ ಆಧಾರದಲ್ಲಿ 26 ಸಾವಿರದಿಂದ 32 ಸಾವಿರಕ್ಕೆ ಏರಿಸಿತು. ಅದು ಸ್ವಾಗತಾರ್ಹ ಕ್ರಮವೇ. ಆದರೆ ಅದರೊಂದಿಗೆ ವಾರದ ಕಾರ್ಯಭಾರವನ್ನೂ 15 ಗಂಟೆಗೆ ಏರಿಸಲಾಯಿತು. ಇಬ್ಬರು ಹಂಚಿಕೊಂಡಿದ್ದ ಪಾಠ ಒಬ್ಬನ ಪಾಲಾದಾಗ ಇನ್ನೊಬ್ಬ ಮನೆಗೆ ಹೋದ. ಒಬ್ಬನ ತಟ್ಟೆಗೆ ಬಡಿಸಲು ಇನ್ನೊಬ್ಬನ ತಟ್ಟೆಯನ್ನು ಎತ್ತುವ ಈ ಲೆಕ್ಕಾಚಾರದ ಬಗ್ಗೆ ಚರ್ಚೆ ನಡೆದದ್ದು ಕಡಿಮೆ. ರಾಜ್ಯದಲ್ಲಿ 10 ಸಾವಿರಕ್ಕೂ ಅಧಿಕ ಸಂಖ್ಯೆಯಲ್ಲಿದ್ದ ಇವರು 2023ರ ಕೊನೆಯಲ್ಲಿ ಸೇವಾ ಭದ್ರತೆಗಾಗಿ ಮತ್ತೆ ಬೀದಿಗಿಳಿದರು. 2024ರ ಜನವರಿಯ ಆರಂಭದಲ್ಲಿ ತುಮಕೂರಿನ ಸಿದ್ಧಗಂಗೆಯಿಂದ ಬೆಂಗಳೂರಿನತ್ತ ಕಾಲ್ನಡಿಗೆಯಲ್ಲಿ ಹೊರಟರು. ಪಾಠ ಮಾಡಬೇಕಾದವರು ಹೆದ್ದಾರಿಯಲ್ಲಿ ನಡೆಯಬೇಕಾಗಿ ಬಂದದ್ದು ಯಾವ ಪಕ್ಷದ ಸರಕಾರಕ್ಕೂ ಶೋಭೆ ತರುವಂಥದ್ದಲ್ಲ. ಮೊದಲ ಮುಷ್ಕರದ ಕಾಲಕ್ಕೆ ಒಂದು ಪಕ್ಷ ಆಡಳಿತದಲ್ಲಿತ್ತು, ಎರಡನೆಯದರ ಕಾಲಕ್ಕೆ ಇನ್ನೊಂದು. ಬೇಡಿಕೆ ಮಾತ್ರ ಒಂದೇ ಆಗಿತ್ತು.

ವರ್ಗಾವಣೆಯಲ್ಲಿ ಒಬ್ಬ ಕಾಯಂ ಅಧ್ಯಾಪಕರು ಬಂದೊಡನೆ ಅತಿಥಿಯ ಹೆಸರು ವೇಳಾಪಟ್ಟಿಯಿಂದ ಅಳಿಯುತ್ತದೆ. ಪಾಠ ಅರ್ಧದಲ್ಲಿರುತ್ತದೆ. ಗೌರವಧನ ತಿಂಗಳುಗಟ್ಟಲೆ ತಡವಾಗುತ್ತದೆ, ಬಸ್ಸಿನ ಟಿಕೆಟು ಮಾತ್ರ ದಿನವೂ ನಗದು ಕೇಳುತ್ತದೆ. ಚಿಕ್ಕಮಗಳೂರಿನಿಂದ ಮೂಡಿಗೆರೆಗೆ, ಮೂಡಿಗೆರೆಯಿಂದ ಕೊಟ್ಟಿಗೆಹಾರ ದಾಟಿ ಕಳಸಕ್ಕೆ, ಮಳೆಗಾಲದಲ್ಲಿ ಪ್ರಯಾಣಿಸಿದವರಿಗೆ ಈ ಮಾತಿನ ಭಾರ ತಿಳಿಯುತ್ತದೆ.

ಪಾಠಕ್ಕೆ ಉಳಿಯದ ಸಮಯ

ಕಾಯಂ ಅಧ್ಯಾಪಕರ ಕಥೆಯೂ ಸುಖಾಂತವೇನಲ್ಲ. ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ ಕನಿಷ್ಠ 16 ಗಂಟೆಗಳ ನೇರ ಬೋಧನೆ ಎಂದು ಯುಜಿಸಿ ಹೇಳುತ್ತದೆ. ಪಾಠದ ಸಿದ್ಧತೆಗೂ ಓದಿಗೂ ಉಳಿಯಬೇಕಾದ ಗಂಟೆಗಳನ್ನು ಇಂದು ಯಾರು ತಿನ್ನುತ್ತಿದ್ದಾರೆ? ಪ್ರವೇಶಾತಿಯಿಂದ ಫಲಿತಾಂಶದವರೆಗೆ ಎಲ್ಲವೂ ಯುಯುಸಿಎಂಎಸ್ ಎಂಬ ಏಕೀಕೃತ ತಂತ್ರಾಂಶದಲ್ಲಿ ದಾಖಲಾಗಬೇಕು. ಸರ್ವರ್ ನಿಂತರೆ ಅಧ್ಯಾಪಕ ಕಾಯಬೇಕು. ನಮ್ಮ ಬೆಟ್ಟಗಳಲ್ಲಿ ಸರ್ವರಿಗಿಂತ ಮೊದಲು ಕರೆಂಟೇ ನಿಲ್ಲುತ್ತದೆ! ನ್ಯಾಕ್ ಮೌಲ್ಯಮಾಪನದ ವರ್ಷ ಗಂಟುಗಟ್ಟಲೆ ಕಡತ ಕಟ್ಟಬೇಕು. ಚುನಾವಣೆ ಬಂದರೆ ಮತಗಟ್ಟೆಗೆ ಹೋಗಬೇಕು.

ಪಠ್ಯಕ್ರಮವಾದರೂ ಸ್ಥಿರವಾಗಿತ್ತೇ? 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲಿಗರಾಗಿ ಜಾರಿಗೊಳಿಸಿದೆವೆಂಬ ಹೆಮ್ಮೆ ನಮ್ಮ ರಾಜ್ಯದ್ದಾಗಿತ್ತು. 2024ರ ಮೇ ತಿಂಗಳಲ್ಲಿ ಅದನ್ನು ಕೈಬಿಟ್ಟು ಮೂರು ವರ್ಷಗಳ ಪದವಿಗೆ ಮರಳಲಾಯಿತು. ಆ ವರ್ಷ ಒಂದೇ ಕಾಲೇಜಿನಲ್ಲಿ ಪ್ರಥಮ ವರ್ಷಕ್ಕೆ ಒಂದು ಪಠ್ಯ, ಹಿರಿಯ ತರಗತಿಗಳಿಗೆ ಇನ್ನೊಂದು. ಹಿಂದಿನ ನೀತಿಯ ಐಚ್ಛಿಕ ವಿಷಯಗಳಿಗೆಂದು ಕೊಂಡ ಪುಸ್ತಕಗಳು ಬೀರುವಿನಲ್ಲಿ ಹಾಗೆಯೇ ಉಳಿದವು. ನೀತಿಗಳ ಗುಣದೋಷ ಇಲ್ಲಿನ ವಿಷಯವಲ್ಲ. ನೀತಿ ಬದಲಿಸುವವರು ಅದನ್ನು ತರಗತಿಯಲ್ಲಿ ಹೊರುವವನನ್ನು ಒಂದು ಮಾತು ಕೇಳಿದರೇ ಎಂಬುದಷ್ಟೇ ನನ್ನ ಪ್ರಶ್ನೆ.

ಕೇಳದೆ ಹೊರಿಸಿದ ಇನ್ನೊಂದು ಕೆಲಸವನ್ನೂ ಇಲ್ಲಿ ನೆನಪಿಸಬೇಕು. 2022ರ ಜನವರಿಯಲ್ಲಿ ನಮ್ಮದೇ ಜಿಲ್ಲೆಯ ಕೊಪ್ಪದಲ್ಲಿ ಶಿರವಸ್ತ್ರ ಮತ್ತು ಕೇಸರಿ ಶಾಲಿನ ವಿವಾದ ಕಾಲೇಜಿನ ಅಂಗಳಕ್ಕೆ ಬಂತು. ಫೆಬ್ರವರಿ 10ರ ಹೈಕೋರ್ಟಿನ ಮಧ್ಯಂತರ ಆದೇಶದ ಬಳಿಕ ರಾಜ್ಯದ ಹಲವೆಡೆ ಅಧ್ಯಾಪಕರು ಗೇಟಿನ ಬಳಿ ನಿಲ್ಲಬೇಕಾಯಿತು. ನಿನ್ನೆಯವರೆಗೆ ಪಾಠ ಹೇಳಿಕೊಟ್ಟ ಹುಡುಗಿಯನ್ನು ಇಂದು ತಡೆಯುವ ಕೆಲಸ ಅನೇಕರಿಗೆ ನುಂಗಲಾರದ ತುತ್ತಾಗಿತ್ತು. ಅದೇ ವರ್ಷ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಾಧೀಶರೇ ಭಿನ್ನ ತೀರ್ಪು ನೀಡಿದ ವಿಷಯವದು. ಅಂಥ ಪ್ರಶ್ನೆಯನ್ನು ಗೇಟಿನ ಬಳಿ, ಮಳೆಗೂ ಬಿಸಿಲಿಗೂ ನಿಂತು ಬಗೆಹರಿಸುವ ಹೊಣೆಯನ್ನು ಒಬ್ಬ ಅಧ್ಯಾಪಕನ ಹೆಗಲಿಗೆ ಹಾಕಿದ್ದು ಸರಿಯೇ?

ಬೆಲೆ ತೆರುವವರು ಯಾರು?

ಇದೆಲ್ಲ ನೌಕರರ ಗೋಳು, ಸಂಘದವರು ನೋಡಿಕೊಳ್ಳಲಿ ಎಂದು ಸಮಾಜ ಸುಮ್ಮನಾಗುತ್ತದೆ. ಆದರೆ ನಷ್ಟ ನೌಕರನಲ್ಲಿಗೇ ನಿಲ್ಲುವುದಿಲ್ಲ. ಕಾಫಿ ಎಸ್ಟೇಟಿನ ಲೈನು ಮನೆಯಿಂದ ಕಾಲೇಜಿಗೆ ಬರುವ ಹುಡುಗಿಯನ್ನು ನೆನೆಯಿರಿ. ಅವಳ ಮನೆಯಲ್ಲಿ ಪುಸ್ತಕವಿಲ್ಲ, ಟ್ಯೂಷನ್ನಿಗೆ ಹಣವಿಲ್ಲ. ಕೊಪ್ಪದ ಕಾರ್ಮಿಕರೇ 1991ರಲ್ಲಿ ಕಟ್ಟಿದ ಸಹಕಾರ ಸಾರಿಗೆಯ ಬಸ್ಸುಗಳು 2020ರ ಫೆಬ್ರವರಿಯಲ್ಲಿ ನಿಂತುಹೋದಾಗ ಈ ಸೀಮೆಯ ಎಷ್ಟೋ ಮಕ್ಕಳ ದಾರಿ ಕಷ್ಟವಾಯಿತು. 2023ರ ಜೂನ್‌ನಿಂದ ಸರಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟಿಲ್ಲ ನಿಜ, ಆದರೆ ಖಾಸಗಿ ಬಸ್ಸೊಂದೇ ಓಡುವ ಊರಿಗೆ ಅದರಿಂದೇನು ಪ್ರಯೋಜನ? ಭದ್ರೆ ಉಕ್ಕಿ ಕಳಸ-ಹೊರನಾಡು ರಸ್ತೆಯ ಹೆಬ್ಬಾಳೆ ಸೇತುವೆ ಮುಳುಗಿದರೆ ಅಂದಿನ ಪಾಠ ಹೋಯಿತು. ಕಾಫಿ ಕುಯ್ಲು ಬಂದರೆ ಹಾಜರಿ ಹೋಯಿತು. ಇಷ್ಟನ್ನೂ ದಾಟಿ ಅವಳು ಕಾಲೇಜಿಗೆ ಬಂದ ದಿನ ಉಪನ್ಯಾಸಕರನ್ನು ಕೆಲಸದಿಂದ ಬಿಡುಗಡೆ ಮಾಡಲಾಗಿದ್ದರೆ? ಗ್ರಂಥಾಲಯಕ್ಕೆ ಬೀಗ ಬಿದ್ದಿದ್ದರೆ? ಉಳ್ಳವರ ಮಕ್ಕಳಿಗೆ ಬೇರೆ ದಾರಿಗಳಿವೆ. ಅವಳಿಗೆ ಇರುವುದು ಆ ತರಗತಿ ಮತ್ತು ಆ ಬೀರು ಮಾತ್ರ.

ನಮ್ಮ ಕನ್ನಡಿಯಲ್ಲೂ ನೋಡೋಣ

ಸರಕಾರವನ್ನು ಪ್ರಶ್ನಿಸುವ ನಾವು ನಮ್ಮನ್ನೂ ಪ್ರಶ್ನಿಸಿಕೊಳ್ಳಬೇಕು. ಸಹಿ ಹಾಕಿಸಿಕೊಳ್ಳುವ ವೇತನ ಒಂದು, ಕೈಗೆ ಕೊಡುವುದು ಇನ್ನೊಂದು ಎಂಬ ದೂರು ಎಲ್ಲ ಸಮುದಾಯಗಳ ಖಾಸಗಿ ವಿದ್ಯಾಸಂಸ್ಥೆಗಳ ಬಗ್ಗೆಯೂ ಕೇಳಿ ಬರುತ್ತದೆ. ನಮ್ಮ ಸಂಸ್ಥೆಗಳು ಅದಕ್ಕೆ ಹೊರತೇ? ದುಡಿದವನ ಕೂಲಿಯನ್ನು ತಡಮಾಡಬಾರದೆಂಬ ಪ್ರವಾದಿ ಬೋಧನೆಯನ್ನು ಪ್ರತಿ ಮೇ ಒಂದರಂದು ಹೆಮ್ಮೆಯಿಂದ ಉಲ್ಲೇಖಿಸುವ ನಾವು, ನಮ್ಮ ಮದ್ರಸದ ಉಸ್ತಾದರಿಗೆ ಎಷ್ಟು ಕೊಡುತ್ತೇವೆ, ಯಾವ ತಾರೀಕಿಗೆ ಕೊಡುತ್ತೇವೆ? ಮಸೀದಿಯ ನೆಲಕ್ಕೆ ಗ್ರಾನೈಟ್ ಹಾಸಲು ಒಂದು ವಾರದಲ್ಲಿ ಚಂದಾ ಕೂಡುತ್ತದೆ. ಗ್ರಂಥಾಲಯದ ಕಪಾಟಿಗೆ ಯಾಕೆ ಕೂಡುವುದಿಲ್ಲ? ಓದಿನ ಆಜ್ಞೆಯಿಂದಲೇ ಆರಂಭವಾದ ಸಂದೇಶದ ವಾರಸುದಾರರಿಗೆ ಈ ಪ್ರಶ್ನೆ ನೋವುಂಟು ಮಾಡಬೇಕು.

ಇಲ್ಲಿರುವ ಕಾಯಂ ಅಧ್ಯಾಪಕರಲ್ಲೂ ಒಂದು ವಿನಂತಿ. ಅತಿಥಿ ಉಪನ್ಯಾಸಕರಿಗೆ ಸೇವಾ ಭದ್ರತೆ ನೀಡುವುದು ನಿಮ್ಮ ಕೈಯಲ್ಲಿಲ್ಲ. ಆದರೆ ಸ್ಟಾಫ್ ರೂಮಿನಲ್ಲಿ ಅವರಿಗೊಂದು ಕುರ್ಚಿ, ಪುಸ್ತಕವಿಡಲು ಒಂದು ಖಾನೆ, ಸಭೆಯಲ್ಲಿ ಒಂದು ಮಾತು, ಇವು ನಿಮ್ಮ ಕೈಯಲ್ಲಿವೆ. ಮೇಲಿನವರು ನಮಗೆ ಮಾಡಿದ ಅವಮಾನವನ್ನು ಕೆಳಗಿನವರಿಗೆ ದಾಟಿಸುತ್ತಾ ಹೋದರೆ ಅದು ಕೊನೆಗೆ ತಲಪುವುದು ಕೊನೆಯ ಬೆಂಚಿನ ವಿದ್ಯಾರ್ಥಿಗೆ.

ಸರಕಾರದ ಮುಂದಿಡಬೇಕಾದ ಬೇಡಿಕೆಗಳೂ ದೊಡ್ಡವೇನಲ್ಲ. ತರಗತಿ ಆರಂಭವಾಗುವ ಮೊದಲೇ ಅತಿಥಿಗಳ ನೇಮಕವಾಗಲಿ, ನಿಗದಿತ ತಾರೀಕಿಗೆ ಗೌರವಧನ ಸಿಗಲಿ, ಸೆಮಿಸ್ಟರಿನ ನಡುವೆ ಯಾರನ್ನೂ ಕಳಿಸದಿರಲಿ. ಪುಸ್ತಕದ ಸಹಜ ನಷ್ಟವನ್ನು ಗ್ರಂಥಪಾಲಕರ ಸಂಬಳಕ್ಕೆ ಕಟ್ಟದಿರಲಿ. ಒಮ್ಮೆ ಕೊಟ್ಟ ಮಾಹಿತಿಯನ್ನು ನಾಲ್ಕು ಕಡೆ ಮತ್ತೆ ಕೇಳದಿರಲಿ. ಕುವೆಂಪು ವಿಶ್ವವಿದ್ಯಾಲಯದ ವೇಳಾಪಟ್ಟಿಯಲ್ಲಿ ನಮ್ಮ ಮಳೆಗೂ ಕಾಫಿ ಕುಯ್ಲಿಗೂ ಜಾಗವಿರಲಿ. ಇವಕ್ಕೆ ಹಣಕ್ಕಿಂತ ಹೆಚ್ಚಾಗಿ ಬೇಕಾದದ್ದು ನಂಬಿಕೆ.

ನನಗೆ ನಿಘಂಟು ಕೊಟ್ಟ ಆ ಗ್ರಂಥಪಾಲಕರು ನಿವೃತ್ತರಾಗಿ ವರ್ಷಗಳಾದವು. ಸಂಬಳ ಕಡಿತದ ಭಯವಿದ್ದೂ ಅವರು ಅಂದು ಬೀಗ ತೆರೆದರು. ಇಂದು ಪತ್ರಿಕೆಯಲ್ಲಿ ನಾನು ಬರೆಯುವ ಪ್ರತಿಯೊಂದು ಸಾಲಿನಲ್ಲೂ ಅವರ ಪಾಲಿದೆ. ಆದರೆ ಒಬ್ಬ ವಿದ್ಯಾರ್ಥಿಗೆ ಪುಸ್ತಕ ಸಿಗಬೇಕಾದರೆ ಒಬ್ಬ ಗ್ರಂಥಪಾಲಕ ಧೈರ್ಯ ತೋರಬೇಕಾದ ಪರಿಸ್ಥಿತಿ ಇರಬಾರದು. ಅಂಥ ಧೈರ್ಯದ ಅಗತ್ಯವೇ ಇಲ್ಲದ ಕಾಲೇಜುಗಳಿಗಾಗಿ ನಾವೆಲ್ಲರೂ ದನಿಯೆತ್ತೋಣ ಎಂದು ಕೋರುತ್ತಾ ನನ್ನ ಮಾತುಗಳನ್ನು ಮುಗಿಸುತ್ತೇನೆ.